ಹೊಣೆ ನನ್ನದು

ಜನವರಿ ೮

ಅಕ್ಕ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ನಿಮ್ಮ ಮಂದಿ ಕಳಿಸಿದ ಹೊಸ ಕಂಪೈಲರನ್ನು ಸೋಮವಾರ ಹಾಕಿಕೊಂಡೆವು. ಹೋದ ವಾರದವರೆಗೆ ತೆಪ್ಪಗೆ ಒಪ್ಪಿಕೊಳ್ಳುತ್ತಿದ್ದ ಪ್ರೋಗ್ರಾಮಿಗೆ ಈಗ ಪರದೆ ತುಂಬ ಕೆಂಪು ಗೆರೆ. ಒಂದನ್ನು ತಿದ್ದಿದರೆ ಅದರ ಬೆನ್ನಿಗೆ ನಾಲ್ಕು ಏಳುತ್ತವೆ. ಎಲ್ಲಕ್ಕೂ ಒಂದೇ ರಾಗ: ‘ಇದನ್ನು ಒಂದಕ್ಕಿಂತ ಹೆಚ್ಚು ಕೆಲಸಗಳು ಒಂದೇ ಹೊತ್ತಿಗೆ ಬದಲಿಸಬಹುದು.’ ಓದಿದ ಕೂಡಲೇ ಇದು ನಿನ್ನದೇ ವಾಕ್ಯ ಅಂತ ಗೊತ್ತಾಯಿತು. ನನ್ನ ಶಾಲೆಯ ಪುಸ್ತಕದ ಅಂಚಿನಲ್ಲೂ ನೀನು ಹೀಗೇ ಬರೆಯುತ್ತಿದ್ದೆ. ಕೋಪವೇನೂ ಕಾಣುತ್ತಿರಲಿಲ್ಲ, ತಪ್ಪಿಸಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

ನಾವು ಮಾಡುವುದು ಆಟದ ಸಾಮಾನಲ್ಲ ಅಂತ ನಿನಗೆ ಗೊತ್ತು. ತಿಂಗಳು ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆ. ಹೊಸ ಮಾದರಿ ಮುಂದಿನ ತಿಂಗಳು ಇಲ್ಲಿಯ ಆಸ್ಪತ್ರೆಗೆ ಹೋಗಲೇಬೇಕು. ಅಲ್ಲಿಯ ಹಿರಿಯ ನರ್ಸ್ ಒಬ್ಬರು ನಮ್ಮ ಕಾರ್ಖಾನೆಗೇ ಬಂದು, ಗುಂಡಿಗಳನ್ನು ಒತ್ತಿ ನೋಡಿ, ‘ಗ್ಲೌಸ್ ಹಾಕ್ಕೊಂಡಿರ್ತೀವಿ ಸ್ವಾಮಿ, ಇಷ್ಟು ಚಿಕ್ಕ ಗುಂಡಿ ಯಾರಿಗೆ ಸಿಗತ್ತೆ? ನಿಮ್ಮ ಬೆರಳಿಗೆ ಮಾಡಬೇಡಿ, ನಮ್ಮ ಬೆರಳಿಗೆ ಮಾಡಿ’ ಅಂತ ಗದರಿ ಹೋದರು. ಗುಂಡಿ ದೊಡ್ಡದು ಮಾಡಿದ್ದೇವೆ. ಈಗ ಅದರ ಹಿಂದಿನ ಪ್ರೋಗ್ರಾಮೇ ಮುಂದೆ ಹೋಗುತ್ತಿಲ್ಲ. ಯಜಮಾನರು ದಿನಕ್ಕೆರಡು ಸಲ ನನ್ನ ಕುರ್ಚಿಯ ಹಿಂದೆ ನಿಂತು ಕೆಮ್ಮುತ್ತಾರೆ.

ನಿನ್ನ ಕಂಪೈಲರಿಗೆ ಬಾಯಿ ಮುಚ್ಚಿಸುವ ದಾರಿ ಯಾವುದಾದರೂ ಇದ್ದರೆ ಹೇಳು. ಇಲ್ಲದಿದ್ದರೆ ಮಾಡಿಸು. ಅಕ್ಕನ ಹತ್ತಿರ ಕೇಳದೆ ಇನ್ಯಾರನ್ನು ಕೇಳಲಿ?

ಮೊಂಡ


ಜನವರಿ ೧೫

ಮೊಂಡ ಮಹಾಶಯರಿಗೆ,

ಹಬೆಯಾಡುತ್ತಿರುವ ನಿನ್ನ ಪತ್ರ ಬಂತು. ಬೈಗುಳ ತೆಗೆದು ಉಳಿದದ್ದನ್ನು ನಮ್ಮ ತಂಡದ ಮುಂದೆ ಓದಿದೆ, ಅರ್ಧ ಪುಟ ಉಳಿಯಿತು.

ನಿನ್ನ ಭಾವ ಇವತ್ತಿಗೂ ಕೇಳುತ್ತಾರೆ, ‘ಆಫೀಸಲ್ಲಿ ನೀನು ಮಾಡೋದೇನು?’ ಅಂತ. ಬರೆದದ್ದನ್ನು ಯಂತ್ರಕ್ಕೆ ಒಪ್ಪಿಸುವ ಮೊದಲು ಸಾಲು ಸಾಲಾಗಿ ಓದಿ ತಪ್ಪು ಹಿಡಿಯುವುದು ಕಂಪೈಲರ್, ಹಿಡಿದ ತಪ್ಪನ್ನು ಮನುಷ್ಯರ ಮಾತಿನಲ್ಲಿ ಹೇಳುವುದು ನಾನು ಅನ್ನುತ್ತೇನೆ. ‘ಓಹೋ, ಮೇಷ್ಟರಿಗೊಬ್ಬ ವಕ್ತಾರೆ’ ಅಂತ ನಗುತ್ತಾರೆ. ಟೀಚರ್ ಕೆಲಸ ಬಿಟ್ಟರೂ ಕೆಂಪು ಪೆನ್ನು ಬಿಡಲಿಲ್ಲ ನೋಡು.

ಈ ಸಲದ ಕೆಂಪು ಮಾತ್ರ ಸುಮ್ಮನೆ ಅಲ್ಲ ಕಣೋ. ಒಂದೇ ಪಾತ್ರೆಗೆ ಇಬ್ಬರು, ಒಬ್ಬರಿಗೊಬ್ಬರು ಹೇಳದೆ, ಉಪ್ಪು ಹಾಕಿದ ಹಾಗೆ ಇದು. ಎಷ್ಟೋ ದಿನ ಸರಿಹೋಗುತ್ತದೆ, ಯಾಕೆಂದರೆ ಒಬ್ಬರು ಹಾಕುವಾಗ ಇನ್ನೊಬ್ಬರು ಅಂಗಳದಲ್ಲಿರುತ್ತಾರೆ. ಒಂದು ದಿನ ಇಬ್ಬರ ಕೈಯೂ ಒಟ್ಟಿಗೆ ಬರುತ್ತದೆ. ಅಂಥ ತಪ್ಪು ಪರೀಕ್ಷೆಯಲ್ಲಿ ಸಿಗುವುದಿಲ್ಲ, ಹುಡುಕಿದಾಗ ಅಡಗಿಕೊಳ್ಳುತ್ತದೆ. ಅದಕ್ಕೇ ಕಂಪೈಲರ್ ಮೊದಲೇ ಹಿಡಿಯಲಿ ಅಂತ ನಾವು ಇಷ್ಟು ಕಷ್ಟಪಟ್ಟದ್ದು.

ಆದರೂ ನೀನು ಹೇಳಿದ್ದರಲ್ಲಿ ನ್ಯಾಯವಿದೆ. ದೂರು ಎಲ್ಲ ಕಡೆಯಿಂದ ಬರುತ್ತಿದೆ. ಕೆಲವು ಕಡೆ ನಿಜಕ್ಕೂ ಅಪಾಯವಿರುವುದಿಲ್ಲ, ಆದರೆ ಅದು ಕಂಪೈಲರಿಗೆ ತಿಳಿಯುವ ದಾರಿಯೂ ಇಲ್ಲ. ಹಾಗಾಗಿ ನನ್ನ ವಾಕ್ಯದ ಕೆಳಗೆ ಇದ್ದ ಎರಡು ಸಲಹೆಗಳ ಜೊತೆ ಮೂರನೆಯದೊಂದು ಸೇರಿಸುತ್ತಿದ್ದೇವೆ: ‘ಎರಡು ಕೆಲಸಗಳು ಇದನ್ನು ಒಟ್ಟಿಗೆ ಮುಟ್ಟುವುದಿಲ್ಲ ಎಂಬುದು ನಿಮಗೆ ಖಚಿತವಿದ್ದರೆ, ಹೊಣೆ ನನ್ನದು ಎಂಬ ಗುರುತು ಹಾಕಿ.’ ಆ ಸಾಲಿನ ಮೇಲೆ ಒತ್ತಿದರೆ ಗುರುತು ತಾನಾಗಿ ಬಂದು ಕೂರುತ್ತದೆ, ಕೆಂಪು ಹೋಗುತ್ತದೆ. ನಮ್ಮ ತಂಡದ ಹಿರಿಯರೊಬ್ಬರು ಮಾತ್ರ ತಲೆಯಲ್ಲಾಡಿಸಿದರು: ‘ಬಾಗಿಲು ಇಟ್ಟ ಮೇಲೆ ಏಣಿ ಹತ್ತೋರು ಯಾರಮ್ಮ?’ ನಾನು ನಿನ್ನ ಹೆಸರು ಹೇಳದೆ ನಿನಗಾಗಿ ಒಂದು ಗಂಟೆ ವಾದ ಮಾಡಿದೆ. ಗೆದ್ದೆ.

ಮೊದಲೆರಡು ಸಲಹೆಗಳನ್ನೂ ಓದಬೇಕು, ತಿಳಿಯಿತಾ? ಅವು ಕಷ್ಟ, ಆದರೆ ಸರಿಯಾದವು.

ಅಕ್ಕ


ಫೆಬ್ರವರಿ ೨೦

ಅಕ್ಕ,

ನಿನ್ನ ಮೂರನೆಯ ಸಲಹೆಗೆ ಕೈ ಮುಗಿದೆ. ಊಟದ ಹೊತ್ತಿಗೆ ಪರದೆ ತಿಳಿಯಾಯಿತು. ಯಜಮಾನರು ಕೆಮ್ಮುವುದು ಬಿಟ್ಟು ಬೆನ್ನು ತಟ್ಟಿದರು. ಪೆಟ್ಟಿಗೆಗಳು ಆಸ್ಪತ್ರೆಗೆ ಹೋದವು. ಕೂಡಿಸುವ ದಿನ ನಾನೂ ಹೋಗಿದ್ದೆ. ಹಿರಿಯ ನರ್ಸ್ ದೊಡ್ಡ ಗುಂಡಿಗಳನ್ನು ಒತ್ತಿ ನೋಡಿ, ‘ಹೇಳಿದ್ದು ಕೇಳಿದ್ದೀರಲ್ಲ, ಪರವಾಗಿಲ್ಲ’ ಅಂದರು. ಅವರ ಬಾಯಲ್ಲಿ ಅದು ಪದಕ ಕೊಟ್ಟ ಹಾಗೆ ಅಂತ ಅಲ್ಲಿಯವರು ಹೇಳಿದರು.

ಗುರುತನ್ನು ಅಲ್ಲೊಂದು ಇಲ್ಲೊಂದು ಬಳಸಿದ್ದೇನೆ, ಅಷ್ಟೆ. ಬೈಯಬೇಡ.

ಮೊಂಡ


ಮಾರ್ಚ್ ೧೦

ಮೊಂಡ,

ಇವತ್ತು ನಿನ್ನ ಅಕ್ಕ ನೆಲದ ಮೇಲಿಲ್ಲ. ಮೂರನೆಯ ಸಲಹೆ ಹೊರಗೆ ಹೋದಾಗಿನಿಂದ ದೂರುಗಳು ನಿಂತೇ ಹೋಗಿವೆ. ದಿನವೂ ಚೀಲ ತುಂಬ ಬರುತ್ತಿದ್ದವು, ಈಗ ಅಪರೂಪಕ್ಕೊಂದು. ಮೇಲಿನವರು ಎಲ್ಲರ ಮುಂದೆ ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿ, ‘ಹೆದರಿಸದೆ ಎಚ್ಚರಿಸೋದು ಅಂದ್ರೆ ಇದು’ ಅಂದರು. ಮಾತು ಬಲ್ಲವರಿಗೆ ಜಗಳವಿಲ್ಲ ಅಂತ ಅಮ್ಮ ಹೇಳುತ್ತಿದ್ದದ್ದು ನೆನಪಾಯಿತು. ಜನ ತಪ್ಪನ್ನು ತಿದ್ದಿಕೊಳ್ಳುತ್ತಿದ್ದಾರೆ, ಅದಕ್ಕೇ ದೂರಿಲ್ಲ.

ಸಿಹಿ ತರಿಸಿ ಎಲ್ಲರಿಗೂ ಕೊಟ್ಟೆ. ನಿನ್ನ ಪಾಲನ್ನು ನಿನ್ನ ಭಾವ ತಿಂದರು.

ಅಕ್ಕ


ಏಪ್ರಿಲ್ ೨೫

ಅಕ್ಕ,

ಇಲ್ಲಿ ಸ್ವಲ್ಪ ಗಲಾಟೆ. ನಮ್ಮ ಪೆಟ್ಟಿಗೆ ಇರುವ ವಾರ್ಡಿನಲ್ಲಿ ಒಂದು ಮಗುವಿಗೆ ಮೈ ವಿಪರೀತ ಬಿಸಿಯಾಗಿ ಸೆಟೆದುಕೊಂಡಿತಂತೆ. ಬದುಕಿದೆ. ಮುಂದೆ ಹೇಗಿರುತ್ತದೆ ಅಂತ ಈಗಲೇ ಹೇಳಲಾಗದು ಅನ್ನುತ್ತಾರೆ ಡಾಕ್ಟರು.

ಮಗು ತಣ್ಣಗಿದ್ದಾಗ ಹಿರಿಯ ನರ್ಸ್ ಪೆಟ್ಟಿಗೆಯ ಶಾಖ ಏರಿಸಿದ್ದಾರೆ. ಮಗು ಬೆಚ್ಚಗಾದ ಮೇಲೆ ಇಳಿಸಬೇಕಿತ್ತು. ‘ಇಳಿಸಿದೆ, ಅಂಕಿ ಕೆಳಗೆ ಬಂದದ್ದನ್ನು ನೋಡಿಯೇ ಪಕ್ಕದ ಮಗುವಿನ ಹತ್ತಿರ ಹೋದೆ’ ಅನ್ನುತ್ತಾರೆ ಅವರು. ಪೆಟ್ಟಿಗೆಯ ದಾಖಲೆಯಲ್ಲಿ ಇಳಿಸಿದ್ದೇ ಇಲ್ಲ. ಏರಿಸಿದ ಅಂಕಿಯೇ ಕೊನೆಯವರೆಗೂ ಇದೆ. ನರ್ಸ್ ಹೇಳಿದಷ್ಟು ಶಾಖ ಇದೆಯಲ್ಲ ಅಂದುಕೊಂಡು ಪೆಟ್ಟಿಗೆ ಗಂಟೆಯನ್ನೂ ಬಡಿಯಲಿಲ್ಲ. ವಿಚಾರಣೆ ಮುಗಿಯುವವರೆಗೆ ಅವರನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ವಾರ್ಡಿನ ಕೆಲಸ ಅಂದರೆ ಹಾಗೇ, ಒಂದು ಕ್ಷಣ ಮರೆವು.

ಒಂದು ಸಣ್ಣ ಸಂಶಯ, ಸುಮ್ಮನೆ ಕೇಳುತ್ತಿದ್ದೇನೆ. ಹೊಣೆ ನನ್ನದು ಅಂತ ಗುರುತು ಹಾಕಿದ ಮೇಲೂ ಕಂಪೈಲರ್ ಒಳಗೊಳಗೇ ಏನಾದರೂ ಕಾವಲು ಕಾಯುತ್ತದಲ್ಲವಾ?

ಮೊಂಡ


ಏಪ್ರಿಲ್ ೨೭

ಮೊಂಡ,

ಆ ಮಗುವಿನ ಸುದ್ದಿಯನ್ನು ಎರಡೆರಡು ಸಲ ಓದಿದೆ. ಆ ನರ್ಸಮ್ಮನದೂ ಪಾಪ. ಎಷ್ಟು ಮಕ್ಕಳನ್ನು ಎತ್ತಿ ಆಡಿಸಿದ ಕೈಯೋ! ಇಳಿಸಿದ್ದೆ ಅಂತ ಅವರಿಗೆ ಅನ್ನಿಸುತ್ತಿರುವುದೂ ಸಹಜವೇ. ದಿನಾ ಮಾಡುವ ಕೆಲಸ ನೋಡು, ಮಾಡಿದ್ದು ನಿನ್ನೆಯದೋ ಇವತ್ತಿನದೋ ಅಂತ ಮನಸ್ಸು ಬೆರೆಸಿಬಿಡುತ್ತದೆ. ಒಲೆ ಆರಿಸಿದ್ದೇನೆ ಅಂತ ಆಣೆ ಮಾಡಿ ಬೀದಿಯ ತಿರುವಿನಿಂದ ವಾಪಸ್ಸು ಓಡಿದವಳು ನಾನು.

ನಿನ್ನ ಸಂಶಯಕ್ಕೆ ಉತ್ತರ: ಇಲ್ಲ. ಗುರುತು ಹಾಕಿದ ಮೇಲೆ ಕಂಪೈಲರ್ ಏನನ್ನೂ ಕಾಯುವುದಿಲ್ಲ. ನಿನ್ನ ಮಾತನ್ನು ನಂಬಿ ಬಾಯಿ ಮುಚ್ಚಿಕೊಳ್ಳುತ್ತದೆ. ನೀನು ಕೇಳಿದ್ದೂ ಅದನ್ನೇ ಅಲ್ಲವೇನೋ?

ಬಿಸಿಲು ಜಾಸ್ತಿಯಂತೆ ಅಲ್ಲಿ. ನೀರು ಕುಡಿ.

ಅಕ್ಕ


ಮೇ ೩೦

ಮೊಂಡ,

ಒಂದು ತಿಂಗಳಾಯಿತು, ನಿನ್ನಿಂದ ಒಂದಕ್ಷರವಿಲ್ಲ. ಫೋನು ಮಾಡಿದರೆ ನಿನ್ನಾಕೆ ಎತ್ತಿ, ‘ಅವರು ಇನ್ನೂ ಕಾರ್ಖಾನೆಯಲ್ಲೇ ಇದ್ದಾರೆ ಅತ್ತಿಗೆ’ ಅನ್ನುತ್ತಾಳೆ. ಧ್ವನಿ ಕುಗ್ಗಿತ್ತು. ಇಬ್ಬರೂ ಜಗಳ ಆಡಿದ್ದೀರಾ? ಆಡಿದ್ದರೆ ತಪ್ಪು ನಿನ್ನದೇ ಇರುತ್ತದೆ, ಮೊದಲು ಹೋಗಿ ಮಾತಾಡಿಸು. ಸಿಟ್ಟು ಬಂದರೆ ನಾಲ್ಕು ದಿನ ಮೂತಿ ಊದಿಸಿಕೊಂಡು ಕೂರುವ ನಿನ್ನ ಚಾಳಿ ನನಗೆ ಗೊತ್ತು, ಪಾಪ ಅವಳು ಹೊಸಬಳು. ದುಡ್ಡಿನ ತೊಂದರೆ ಇದ್ದರೂ ಹೇಳು.

ಆ ಮಗು ಹೇಗಿದೆ?

ಅಕ್ಕ


ಜೂನ್ ೬

ಅಕ್ಕ,

ಜಗಳ ಏನಿಲ್ಲ. ಕೆಲಸ ಜಾಸ್ತಿ. ಮಗು ಮನೆಗೆ ಹೋಯಿತಂತೆ. ಮಿಕ್ಕದ್ದು ಇನ್ನೊಮ್ಮೆ ಬರೆಯುತ್ತೇನೆ.

ಮೊಂಡ


ಜೂನ್ ೧೨

ಮೊಂಡ,

ಇದನ್ನು ನಗುತ್ತಾ ಬರೆಯುತ್ತಿಲ್ಲ.

ನಮ್ಮಲ್ಲಿ ಆಗಾಗ ಹೊರಗಿನವರ ಪ್ರೋಗ್ರಾಮುಗಳನ್ನು ತರಿಸಿ ಓದುತ್ತೇವೆ, ನಮ್ಮ ಮಾತು ಅವರಿಗೆ ಹೇಗೆ ತಲುಪಿದೆ ಅಂತ ತಿಳಿಯಲು. ಈ ವಾರ ನನ್ನ ಪಾಲಿಗೆ ಬಂದದ್ದರಲ್ಲಿ ಪುಟ ಪುಟಕ್ಕೂ ಹೊಣೆ ನನ್ನದು, ಹೊಣೆ ನನ್ನದು. ಒಂದು ಕಡೆ ಬರೆದವನೇ ಪಕ್ಕದಲ್ಲಿ ಟಿಪ್ಪಣಿ ಹಾಕಿಕೊಂಡಿದ್ದಾನೆ: ‘ಕೆಂಪು ಹೋಗಲಿ ಅಂತ.’ ಇನ್ನೊಂದು ತರಿಸಿದೆ, ಹಾಗೆಯೇ. ಮತ್ತೊಂದು, ಹಾಗೆಯೇ. ದೂರು ನಿಂತದ್ದು ತಪ್ಪು ತಿದ್ದಿಕೊಂಡದ್ದರಿಂದ ಅಲ್ಲ ಕಣೋ. ಎಲ್ಲರೂ ನಾನು ಇಟ್ಟ ಬಾಗಿಲಿನಿಂದ ನುಗ್ಗಿ ಹೋಗಿದ್ದಾರೆ. ನಾನು ಸಿಹಿ ಹಂಚಿದೆ.

ಆಮೇಲೆ ಏಪ್ರಿಲಿನಲ್ಲಿ ನೀನು ‘ಸುಮ್ಮನೆ’ ಕೇಳಿದ್ದು ನೆನಪಾಯಿತು. ಹುಟ್ಟಿದಾಗಿನಿಂದ ನೀನು ಯಾವ ಪ್ರಶ್ನೆಯನ್ನೂ ಸುಮ್ಮನೆ ಕೇಳಿದವನಲ್ಲ.

ಎಲ್ಲಿ ಹಾಕಿದೆ ಮೊಂಡ, ಆ ಗುರುತನ್ನು?

ಅಕ್ಕ


ಜೂನ್ ೨೦

ಅಕ್ಕ,

ಎಲ್ಲ ಕಡೆ ಹಾಕಿದೆ.

ಅಲ್ಲೊಂದು ಇಲ್ಲೊಂದು ಅಂದದ್ದು ಸುಳ್ಳು. ಒತ್ತಿದರೆ ಒಂದು ಕೆಂಪು ಹೋಗುತ್ತಿತ್ತು. ಮೊದಲು ಒಂದೆರಡನ್ನು ಓದಿ ಯೋಚಿಸಿ ಒತ್ತಿದೆ. ಆಮೇಲೆ ಓದದೆ ಒತ್ತಿದೆ. ಕೊನೆಗೆ ಎಲ್ಲಕ್ಕೂ ಒಟ್ಟಿಗೆ ಒತ್ತುವ ದಾರಿಯೂ ಇತ್ತು, ಅದನ್ನೇ ಮಾಡಿದೆ. ಅದರಲ್ಲಿ ಶಾಖದ ಅಂಕಿಯೂ ಒಂದು.

ಆ ಅಂಕಿಯನ್ನು ಇಬ್ಬರು ಮುಟ್ಟುತ್ತಾರೆ. ಒಬ್ಬರು, ಗುಂಡಿ ಒತ್ತುವ ನರ್ಸ್. ಇನ್ನೊಬ್ಬ ಪೆಟ್ಟಿಗೆಯೊಳಗಿನ ನನ್ನದೇ ಪ್ರೋಗ್ರಾಮು. ಅದು ಆಗಾಗ ಅಂಕಿಯನ್ನು ಎತ್ತಿಕೊಂಡು, ಪೆಟ್ಟಿಗೆಯೊಳಗಿನ ಗಾಳಿಯ ಬಿಸಿಯ ಜೊತೆ ಲೆಕ್ಕ ಹಾಕಿ, ಮತ್ತೆ ಅಲ್ಲೇ ಇಡುತ್ತದೆ. ಅದು ಎತ್ತಿಕೊಂಡು ಇನ್ನೂ ಇಡದೆ ಇರುವ ಆ ರೆಪ್ಪೆ ಬಡಿಯುವಷ್ಟರಲ್ಲಿ ನರ್ಸ್ ಇಳಿಸಿದರೆ, ಅವರು ಇಳಿಸಿದ ಅಂಕಿಯ ಮೇಲೆ ಇದು ತನ್ನ ಹಳೆಯ ಅಂಕಿಯನ್ನು ತಂದು ಇಡುತ್ತದೆ. ಪರದೆಯಲ್ಲಿ ಕಡಿಮೆ ಅಂಕಿ ಒಂದು ಕ್ಷಣ ಕಂಡು ಹೋಗುತ್ತದೆ. ದಾಖಲೆಗೆ ಹೋಗುವುದು ಹಳೆಯದು.

ಪರೀಕ್ಷೆ ಮಾಡಿ ನೋಡಿದೆ. ಕಾರ್ಖಾನೆಯ ಪೆಟ್ಟಿಗೆಗೆ ಯಂತ್ರದ ಬೆರಳು ಕಟ್ಟಿ ಗುಂಡಿ ಒತ್ತಿಸುತ್ತಾ ಕೂತೆ. ಎಷ್ಟೋ ಹೊತ್ತು ಏನೂ ಆಗಲಿಲ್ಲ. ಇಳಿಸಿದರೆ ಇಳಿಯುತ್ತಿತ್ತು. ನನ್ನ ತಪ್ಪಲ್ಲ ಅಂತ ಎದ್ದು ಹೋಗಲು ಕುರ್ಚಿ ಹಿಂದೆ ಸರಿಸಿದೆ. ಆಗ ಆಯಿತು. ಅಂಕಿ ಇಳಿಯಿತು, ಅಲ್ಲೇ ಮೇಲೆ ಬಂತು. ನಾನು ನೋಡಿದೆ ಅಕ್ಕ.

ಆ ನರ್ಸ್ ನಿಜ ಹೇಳುತ್ತಿದ್ದರು. ಯಾರೂ ನಂಬಲಿಲ್ಲ, ನಾನೂ ನಂಬಲಿಲ್ಲ. ನಿನಗೆ ‘ಒಂದು ಕ್ಷಣ ಮರೆವು’ ಅಂತ ಬರೆದೆ. ಈಗ ಅವರೇ, ‘ಇಳಿಸಲು ಮರೆತಿರಬಹುದು’ ಅಂತ ಬರೆದು ಸಹಿ ಹಾಕಿಕೊಟ್ಟಿದ್ದಾರಂತೆ. ಜುಲೈ ಹತ್ತಕ್ಕೆ ಕೊನೆಯ ವಿಚಾರಣೆ. ತಪ್ಪು ಅವರದೇ ಅಂತಾದರೆ ಅವರು ಮತ್ತೆ ಯಾವ ವಾರ್ಡಿಗೂ ಕಾಲಿಡುವ ಹಾಗಿಲ್ಲ. ನಾನು ಬಾಯಿ ಬಿಟ್ಟರೆ ಕಾರ್ಖಾನೆ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನನ್ನ ಮೇಲೆ ಕೇಸು ಹಾಕಬಹುದು. ಮನೆಯಲ್ಲಿ ಹೇಳಿಲ್ಲ. ಅವಳು ಈಗ ಮೂರು ತಿಂಗಳ ಬಸುರಿ. ನಿನಗೆ ಅದನ್ನೂ ಹೇಳಿರಲಿಲ್ಲ, ಈ ಸುದ್ದಿಯ ಪಕ್ಕದಲ್ಲಿ ಆ ಸುದ್ದಿಯನ್ನು ಬರೆಯಲು ಕೈ ಬರಲಿಲ್ಲ.

ಮೊಂಡ


ಜೂನ್ ೨೧

ತಮ್ಮಾ,

ಮೊದಲು ಉಸಿರು ಬಿಡು. ಯಾರಿಗೂ ಏನೂ ಹೇಳಬೇಡ, ನನ್ನ ಈ ಪತ್ರ ಓದಿ ಮುಗಿಸುವವರೆಗಾದರೂ.

ಕಾರ್ಖಾನೆಯಲ್ಲಿ ಒಮ್ಮೆ ಆಯಿತು ಅಂದರೆ ಆ ದಿನ ವಾರ್ಡಿನಲ್ಲೂ ಅದೇ ಆಯಿತು ಅಂತ ಆಗುವುದಿಲ್ಲ. ಆಕೆ ನಿಜಕ್ಕೂ ಮರೆತಿರಲೂಬಹುದು. ಆಕೆಯೇ ಬರೆದುಕೊಟ್ಟಿದ್ದಾರೆ ಅನ್ನುತ್ತೀಯ. ಒಬ್ಬ ಒಳ್ಳೆಯ ವಕೀಲರನ್ನು ನೋಡು, ಖರ್ಚು ನಾನು ನೋಡಿಕೊಳ್ಳುತ್ತೇನೆ. ಅವರು ಹೇಳಿದ ಮೇಲೆ ಮಾತಾಡು. ಪೆಟ್ಟಿಗೆಗಳನ್ನು ಸದ್ದಿಲ್ಲದೆ ತಿದ್ದಿಕೊಡಲು ಆಗುತ್ತದಾ, ಅದನ್ನೂ ಯೋಚಿಸು. ಇಷ್ಟಕ್ಕೂ ವಾಕ್ಯದಲ್ಲಿ ‘ಖಚಿತವಿದ್ದರೆ’ ಅಂತ ಬರೆದಿದ್ದೆನಲ್ಲ, ಅದಕ್ಕೊಂದು ಅರ್ಥ ಇರಲಿಲ್ಲವಾ?

ಮಗು ಬರುತ್ತಿದೆ ಅಂತ ಹೀಗೆ ತಿಳಿಯಬೇಕಾಯಿತಲ್ಲೋ ನನಗೆ. ಅಮ್ಮ ಹೋದ ಮೇಲೆ ನಿನ್ನನ್ನು ಮಡಿಲಲ್ಲಿ ಹಾಕಿಕೊಂಡು ಬೆಳೆಸಿದವಳು. ಹುಟ್ಟಲಿರುವ ಮಗುವಿನ ಅಪ್ಪ ಜೈಲಿನಲ್ಲಿರುವುದು ಬೇಡ. ಇಷ್ಟೇ ನನಗೆ ತೋಚುತ್ತಿರುವುದು.

ಅಕ್ಕ


ಜೂನ್ ೨೪

ಅಕ್ಕ,

ಖಚಿತವಿದ್ದರೆ ಅಂತ ನೀನು ಬರೆದಿದ್ದೆ, ಹೌದು. ಅದೇ ಸಾಲಿನ ಮೇಲೆ ಒತ್ತಿದರೆ ಕೆಲಸ ಮುಗಿಯುವ ಹಾಗೆಯೂ ಮಾಡಿದ್ದೆ. ಬಾಗಿಲ ಮೇಲೆ ಎಚ್ಚರಿಕೆ ಬರೆದು ಬಾಗಿಲನ್ನು ತೆರೆದಿಟ್ಟರೆ ಯಾರು ಓದುತ್ತಾರೆ? ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಇದನ್ನು ಬರೆದ ಮೇಲೆ ಹೊರಗೆ ಹೋಗಿ ಒಂದು ಸುತ್ತು ನಡೆದು ಬಂದೆ. ಅಳಿಸಬೇಕು ಅನ್ನಿಸಿತು. ಅಳಿಸುವುದಿಲ್ಲ. ಆದರೆ ಬಾಗಿಲು ಕೇಳಿದವನು ನಾನು. ಕಂಪೈಲರ್ ಸರಿಯಾಗಿಯೇ ಹಿಡಿದಿತ್ತು ಅಕ್ಕ. ಅದೇ ಅಂಕಿ, ಅದೇ ಸಾಲು, ಅದೇ ಅಪಾಯ. ಜನವರಿಯಲ್ಲೇ ನನಗೆ ಕೆಂಪಕ್ಷರದಲ್ಲಿ ಹೇಳಿತ್ತು. ನಾವಿಬ್ಬರೂ ಸೇರಿ ಅದರ ಬಾಯಿ ಕಟ್ಟಿದೆವು. ನೀನು ಪ್ರೀತಿಗೆ, ನಾನು ಅವಸರಕ್ಕೆ.

ಸದ್ದಿಲ್ಲದೆ ತಿದ್ದುವುದು ಅಂದೆಯಲ್ಲ. ಆಮೇಲೆ ಆ ನರ್ಸನ್ನು ಯಾರು ತಿದ್ದುತ್ತಾರೆ?

ಇವತ್ತು ಮನೆಯಲ್ಲಿ ಹೇಳುತ್ತೇನೆ. ನಾಳೆ ಯಜಮಾನರಿಗೆ. ಹತ್ತನೆಯ ತಾರೀಕು ವಿಚಾರಣೆಗೆ.

ಮೊಂಡ


ಜುಲೈ ೧

ತಮ್ಮಾ,

ನಿನ್ನ ಪತ್ರ ಓದಿ ಎರಡು ದಿನ ಉರಿದುಕೊಂಡೆ. ಮೂರನೆಯ ದಿನ ಆಫೀಸಿಗೆ ಹೋಗಿ, ತಲೆಯಲ್ಲಾಡಿಸಿದ್ದ ಆ ಹಿರಿಯರ ಮೇಜಿನ ಮುಂದೆ ನಿಂತು, ‘ನೀವು ಹೇಳಿದ್ದೇ ಸರಿ’ ಅಂದೆ. ಅವರು, ‘ಸರಿ ಅನ್ನಿಸಿಕೊಂಡು ಏನು ಮಾಡ್ಲಮ್ಮ, ಕೂತ್ಕೊ, ಬರಿ’ ಅಂತ ಕುರ್ಚಿ ಎಳೆದರು. ಅಲ್ಲಿಯೇ ಅಳು ಬಂತು.

ಒತ್ತಿದರೆ ಹಾಕಿಕೊಡುವ ಸೌಲಭ್ಯವನ್ನು ತೆಗೆದೆವು. ಇನ್ನು ಗುರುತು ಬೇಕಾದವರು ಕೈಯಾರೆ ಬರೆಯಬೇಕು, ಯಾಕೆ ಅಪಾಯವಿಲ್ಲ ಎಂಬುದನ್ನೂ ಜೊತೆಗೇ ಬರೆಯಬೇಕು. ಬರೆಯದಿದ್ದರೆ ಕೆಂಪು ಹೋಗುವುದಿಲ್ಲ. ವಾಕ್ಯವನ್ನೂ ಬದಲಿಸಿದೆ. ‘ಒಂದಕ್ಕಿಂತ ಹೆಚ್ಚು ಕೆಲಸಗಳು’ ಅನ್ನುವುದಿಲ್ಲ ಈಗ. ಯಾವ ಎರಡು ಕೆಲಸ, ಯಾವ ಸಾಲಿನಲ್ಲಿ ಒಂದು ಎತ್ತಿಕೊಳ್ಳುತ್ತದೆ, ಯಾವ ಸಾಲಿನಲ್ಲಿ ಇನ್ನೊಂದು ಬದಲಿಸುತ್ತದೆ, ಯಾರದು ಕಳೆದುಹೋಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳುತ್ತದೆ. ಉದ್ದವಾಯಿತು. ಚೆಂದವೂ ಇಲ್ಲ. ದೂರುಗಳು ಮತ್ತೆ ಚೀಲಗಟ್ಟಲೆ ಶುರುವಾಗಿವೆ. ಒಬ್ಬ ನನ್ನನ್ನು ‘ಕೊರೆಯುವ ಮುದುಕಿ’ ಅಂದಿದ್ದಾನೆ. ಅನ್ನಲಿ.

ವಿಚಾರಣೆಗೆ ಒಂದು ಹೇಳಿಕೆ ಬರೆದು ಇದರ ಜೊತೆ ಕಳಿಸಿದ್ದೇನೆ. ಆ ಬಾಗಿಲನ್ನು ಇಟ್ಟವಳು ನಾನು ಅಂತ, ನನ್ನ ಹೆಸರಿನಲ್ಲಿ. ನಿನ್ನ ಭಾರ ಅದರಿಂದ ಎಷ್ಟು ಇಳಿಯುತ್ತದೋ ಗೊತ್ತಿಲ್ಲ, ಅದು ನನ್ನ ಪಾಲು, ನಾನು ಹೊರಬೇಕು.

ಇಪ್ಪತ್ತೊಂದರ ನನ್ನ ಪತ್ರವನ್ನು ಅಳಿಸಿ ಹಾಕು. ಆ ದಿನ ಬರೆದವಳು ಅಕ್ಕ ಅಲ್ಲ, ಹೆದರಿಕೊಂಡ ಯಾರೋ ಒಬ್ಬಳು. ನನಗೆ ಒಂದೇ ಸಮಾಧಾನ: ತಿಳಿದ ಕೂಡಲೇ ನೀನು ಬಾಯಿ ಬಿಟ್ಟೆ. ಒಂದು ವಾರವೂ ಮುಚ್ಚಿಡಲಿಲ್ಲ. ನಾನು ಬೆಳೆಸಿದ್ದು ವ್ಯರ್ಥವಾಗಲಿಲ್ಲ.

ಅಕ್ಕ


ಜುಲೈ ೧೯

ಅಕ್ಕ,

ವಿಚಾರಣೆ ಮುಗಿಯಿತು. ಪೆಟ್ಟಿಗೆಯನ್ನು ಅವರ ಮುಂದೆಯೇ ಇಟ್ಟು ತೋರಿಸಿದೆ. ನಿನ್ನ ಹೇಳಿಕೆಯನ್ನೂ ಓದಿದರು. ನರ್ಸ್ ಮೇಲಿನ ಆರೋಪವನ್ನು ತೆಗೆದುಹಾಕಿದ್ದಾರೆ. ಪೆಟ್ಟಿಗೆಗಳೆಲ್ಲ ಕಾರ್ಖಾನೆಗೆ ವಾಪಸ್ಸು ಬಂದಿವೆ. ನನ್ನನ್ನು ಕೆಲಸದಿಂದ ತೆಗೆದರು, ಮುಂದೆ ಕೇಸು ಇದೆ. ವಾರ್ಡಿನ ಆ ಮಗುವಿನ ಅಪ್ಪ ಅಂಗಳದಲ್ಲಿ ನನ್ನನ್ನು ನೋಡಿ ಹತ್ತಿರ ಬಂದವನು, ಹಾಗೇ ತಿರುಗಿ ಗೇಟಿನ ಕಡೆ ಹೋದ. ಮನೆಯಲ್ಲಿ ಇವಳು ಅತ್ತಳು, ಆಮೇಲೆ ಊಟಕ್ಕೆ ಬಡಿಸಿದಳು.

ನರ್ಸ್ ವಿಚಾರಣೆಗೆ ಬಂದಿರಲಿಲ್ಲ. ಮೊನ್ನೆ ಅವರ ಮನೆಗೆ ಹೋದೆ. ಕಿರಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಒಗೆದ ಸಮವಸ್ತ್ರಗಳು ಇಸ್ತ್ರಿ ಆಗಿ ಮೊಳೆಗೆ ತೂಗುಹಾಕಿದ್ದವು. ಅವರೂ ಅವರ ಮಗಳೂ ಇದ್ದರು. ಕೂರಿಸಿದರು, ನೀರು ಕೊಟ್ಟರು. ಎಲ್ಲ ಹೇಳಿದೆ. ಅವರು ಅಲುಗಾಡದೆ ಕೇಳಿ, ‘ಹಾಗಾದ್ರೆ ನಾನು ಒತ್ತಿದ್ದೆ ಅಂತೀರಾ?’ ಅಂದರು.

‘ಹೌದು.’

‘ನಂಗೆ ಒತ್ತಿದ ನೆನಪೇ ಇಲ್ಲ ಈಗ. ಮೊದಮೊದಲು ಇತ್ತು. ಒತ್ತಿಲ್ಲ, ಒತ್ತಿಲ್ಲ ಅಂತ ಎಲ್ರೂ ಹೇಳಿ ಹೇಳಿ... ಕಣ್ಣು ಮುಚ್ಚಿದ್ರೆ ಒತ್ತದೆ ಹೋಗ್ತಿರೋ ನಾನೇ ಕಾಣ್ತೀನಿ.’

ಪೆಟ್ಟಿಗೆಯ ಗುಂಡಿ ಮತ್ತು ಪರದೆ ಇರುವ ಭಾಗವನ್ನು ವಿಚಾರಣೆಯವರ ಒಪ್ಪಿಗೆ ಪಡೆದು ತಂದಿದ್ದೆ. ಒತ್ತಿದ ಪ್ರತಿ ಸಲವೂ ಆ ಎರಡು ಕೆಲಸಗಳು ಎದುರುಬದುರಾಗುವ ಹಾಗೆ ಮಾಡಿದ್ದೆ. ವೈರು ಸಿಕ್ಕಿಸಿ ಅವರ ಮುಂದಿಟ್ಟೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಒತ್ತಿದರು. ಅಂಕಿ ಇಳಿಯಿತು, ಬೆರಳು ತೆಗೆಯುವಷ್ಟರಲ್ಲಿ ಮೇಲೆ ಬಂತು. ಮತ್ತೆ ಒತ್ತಿದರು. ಇನ್ನೊಮ್ಮೆ. ಅವರ ಮುಖ ನೋಡಲು ನನಗೆ ಆಗಲಿಲ್ಲ.

‘ಬಾರೇ ಇಲ್ಲಿ,’ ಅಂತ ಮಗಳನ್ನು ಕರೆದರು. ‘ನೋಡು. ಒತ್ತಿದೀನಿ ನಾನು. ಒತ್ತಿದೀನಿ ಕಣೇ.’ ಮಗಳು ಅವರ ಭುಜ ಹಿಡಿದುಕೊಂಡಳು. ಇಬ್ಬರೂ ಅಳುತ್ತಿದ್ದರು. ನಾನು ಏಳಬೇಕಿತ್ತು, ಏಳಲಿಲ್ಲ. ನನಗೆ ಏನೋ ಒಂದು ಹಗುರಾಗಿತ್ತು, ಅದು ಬೇಕಾಗಿತ್ತು.

ಆಗ ಮಗಳು ಕಣ್ಣೊರೆಸಿಕೊಂಡು ಕೇಳಿದಳು: ‘ಇದು ನಿಮಗೆ ಯಾವಾಗ ಗೊತ್ತಾಯ್ತು?’

ಅಕ್ಕ, ಜೂನ್ ಇಪ್ಪತ್ತರ ಪತ್ರದಲ್ಲಿ ನಾನು ನಿನಗೆ ಆ ದಿನವನ್ನು ಬರೆದಿರಲಿಲ್ಲ. ಆ ವಾರವೇ ತಿಳಿಯಿತು ಅಂತ ನೀನೇ ಅಂದುಕೊಂಡೆ, ನಾನು ತಿದ್ದಲಿಲ್ಲ. ಕಂಪೈಲರ್ ಏನನ್ನೂ ಕಾಯುವುದಿಲ್ಲ ಅಂತ ನಿನ್ನ ಉತ್ತರ ಬಂದ ವಾರದಲ್ಲೇ ಪರೀಕ್ಷೆ ಮಾಡಿದ್ದೆ. ಕುರ್ಚಿ ಹಿಂದೆ ಸರಿಸಿದ್ದು, ಅಂಕಿ ಮೇಲೆ ಬಂದದ್ದು, ಎಲ್ಲ ಮೇ ತಿಂಗಳ ಮೊದಲಲ್ಲಿ. ಅಲ್ಲಿಂದ ಮುಂದೆ ನಾನು ದಿನಾ ಕಾರ್ಖಾನೆಗೆ ಹೋದೆ, ಊಟ ಮಾಡಿದೆ, ಕೆಲಸ ಜಾಸ್ತಿ ಅಂತ ನಿನಗೆ ಬರೆದೆ. ನೀನು ಕೇಳದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ.

ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ‘ಮೇ ಮೊದಲ ವಾರ’ ಅಂದೆ.

ಅವಳು ಅಮ್ಮನ ಕಡೆ ತಿರುಗಿದಳು. ‘ಅಮ್ಮಾ, ಮರೆತಿರಬಹುದು ಅಂತ ನೀನು ಸಹಿ ಹಾಕಿದ್ದು ಅದಾದ ಮೇಲೆ.’

ನರ್ಸ್ ಅಂಕಿಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಗೋಡೆಯಿಂದ ವೈರು ಕಿತ್ತರು, ಗಂಟಾಗದ ಹಾಗೆ ಕೈಗೆ ಸುತ್ತಿದರು, ಯಂತ್ರದ ಮೇಲಿಟ್ಟು ನನ್ನ ಕೈಗೆ ಕೊಟ್ಟರು. ಮೆಟ್ಟಿಲು ಇಳಿಯುವಾಗ ಮೇಲೆ ಬಾಗಿಲು ಹಾಕಿಕೊಂಡ ಸದ್ದಾಯಿತು.

ಮೊಂಡ